ನೋವಿನ ಮಾತ್ರೆ ನುಂಗಿದರೆ ಉಬ್ಬಸ ಏಳುವುದೇಕೆ? ಔಷಧಿ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷವಾಯಿತು. ಫಾರ್ಮಸಿ ಓದಿದ್ದು ಮೈಸೂರಿನಲ್ಲಿ. ನಾನು ಡಾಕ್ಟರ್ ಅಲ್ಲ, ಯಾರ ಎದೆಗೂ ಸ್ಟೆತಾಸ್ಕೋಪ್ ಇಟ್ಟವನಲ್ಲ. ಆದರೆ ಬಸ್ಸಿಳಿದು ನೇರವಾಗಿ ಬಂದು "ಅಣ್ಣಾ, ಮೈಕೈ ನೋವ್ಗೆ ಏನಾರ ಕೊಡಿ" ಅನ್ನುವ ಜನ ಡಾಕ್ಟರಿಗಿಂತ ಮೊದಲು ನೋಡುವುದು ನನ್ನ ಮುಖವನ್ನೇ. ಆಸ್ಪಿರಿನ್ ಮತ್ತು ಉಬ್ಬಸದ ಬಗ್ಗೆ ಅವರು ಕೇಳಿದ ಪ್ರಶ್ನೆಗಳನ್ನೂ, ಕೇಳಬೇಕಾಗಿದ್ದೂ ಕೇಳದೆ ಹೋದ ಕೆಲವನ್ನೂ ಇಲ್ಲಿ ಬರೆದಿದ್ದೇನೆ.

ತಲೆನೋವಿನ ಮಾತ್ರೆ ಹೋಗೋದು ಹೊಟ್ಟೆಗೆ. ಅದಕ್ಕೂ ಉಸಿರಿಗೂ ಏನು ಸಂಬಂಧ?

ನಮ್ಮ ಕಡೆಯವರಿಗೆ ನಾಲೆ ನೀರಿನ ಲೆಕ್ಕ ಹೇಳಿದರೆ ಬೇಗ ಅರ್ಥವಾಗುತ್ತದೆ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬರುತ್ತದೆ, ಒಂದು ಕಡೆ ಎರಡು ತೂಬುಗಳಿವೆ ಅಂದುಕೊಳ್ಳಿ. ಒಂದು ತೂಬನ್ನು ಮುಚ್ಚಿದರೆ ನೀರು ನಿಲ್ಲುವುದಿಲ್ಲ, ಇನ್ನೊಂದರಲ್ಲಿ ನುಗ್ಗುತ್ತದೆ. ಆ ಕಡೆಯ ಗದ್ದೆಯವನ ಪೈರು ಕೊಳೆಯುತ್ತದೆ.

ನಮ್ಮ ಜೀವಕೋಶಗಳ ಹೊರಪೊರೆಯಿಂದ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನ ಪದಾರ್ಥ ಬಿಡುಗಡೆಯಾಗುತ್ತದೆ. ಅದು ಹರಿದುಹೋಗಲು ಎರಡು ಮುಖ್ಯ ದಾರಿಗಳಿವೆ. ಒಂದು ದಾರಿಯಲ್ಲಿ ಕಾಕ್ಸ್ ಎಂಬ ಕಿಣ್ವ ಅದನ್ನು ಪ್ರೊಸ್ಟಗ್ಲಾಂಡಿನ್‌ಗಳನ್ನಾಗಿ ಮಾಡುತ್ತದೆ. ನೋವು, ಜ್ವರ, ಊತ ಎಲ್ಲ ಇವುಗಳಿಂದಲೇ. ಇನ್ನೊಂದು ದಾರಿಯಲ್ಲಿ ಲ್ಯೂಕೋಟ್ರಯೀನ್‌ಗಳು ತಯಾರಾಗುತ್ತವೆ. ಇವು ಶ್ವಾಸನಾಳವನ್ನು ಹಿಂಡುತ್ತವೆ, ಕಫ ಹೆಚ್ಚಿಸುತ್ತವೆ, ಮೂಗಿನ ಒಳಪದರವನ್ನು ಊದಿಸುತ್ತವೆ. ಆಸ್ಪಿರಿನ್ ಮಾಡುವ ಕೆಲಸ ಮೊದಲನೆಯ ತೂಬನ್ನು ಮುಚ್ಚುವುದು. ನೋವು ಹೋಗುತ್ತದೆ, ಸರಿ. ಆದರೆ ಆ ದಾರಿಯಲ್ಲಿ ತಯಾರಾಗುತ್ತಿದ್ದ ಪ್ರೊಸ್ಟಗ್ಲಾಂಡಿನ್ ಇ2 ಎಂಬುದು ಎರಡನೇ ತೂಬಿನ ಮೇಲೆ ಕಾವಲಿಗೆ ನಿಂತ ನೀರುಗಂಟಿಯೂ ಆಗಿತ್ತು. ನೀರೂ ಆ ಕಡೆ ತಿರುಗಿತು, ನೀರುಗಂಟಿಯೂ ಮನೆಗೆ ಹೋದ. ಹೆಚ್ಚಿನವರ ದೇಹ ಇದನ್ನು ತಡೆದುಕೊಳ್ಳುತ್ತದೆ. ಕೆಲವರಲ್ಲಿ ಲ್ಯೂಕೋಟ್ರಯೀನ್ ಕಡೆಯ ನಾಲೆ ಮೊದಲೇ ತುಂಬಿ ಹರಿಯುತ್ತಿರುತ್ತದೆ. ಅಂಥವರಿಗೆ ಒಂದು ಮಾತ್ರೆ ಸಾಕು, ಏರಿ ಒಡೆಯುತ್ತದೆ.

ಇಂಗ್ಲೆಂಡಿನ ಜಾನ್ ವೇನ್ ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆ ಎಂದು ತೋರಿಸಿದ್ದು 1971ರಲ್ಲಿ. ಲ್ಯೂಕೋಟ್ರಯೀನ್‌ಗಳಿಗೆ ಆ ಹೆಸರು ಕೊಟ್ಟವರು ಸ್ವೀಡನ್ನಿನ ಬೆಂಗ್ಟ್ ಸ್ಯಾಮುಯೆಲ್ಸನ್, 1979ರಲ್ಲಿ. ಒಂದು ತೂಬು ಹುಡುಕಿದವರು, ಇನ್ನೊಂದು ತೂಬು ಹುಡುಕಿದವರು ಇಬ್ಬರೂ 1982ರ ನೊಬೆಲ್ ಪ್ರಶಸ್ತಿಯನ್ನು ಒಟ್ಟಿಗೆ ಹಂಚಿಕೊಂಡರು. ಅವರ ಜೊತೆ ಮೂರನೆಯವರಾಗಿ ಸುನೆ ಬರ್ಗ್‌ಸ್ಟ್ರಾಮ್ ಇದ್ದರು.

ಹಾಗಾದರೆ ಉಬ್ಬಸ ಇರುವವರೆಲ್ಲ ಆಸ್ಪಿರಿನ್ ಮುಟ್ಟಬಾರದಾ?

ಹಾಗಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಹೃದಯದ ಕಾಯಿಲೆಯವರು ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ. ಆಸ್ತಮಾ ಇರುವ ವಯಸ್ಕರಲ್ಲಿ ನೂರಕ್ಕೆ ಸುಮಾರು 7 ಜನರಿಗೆ ಈ ತೊಂದರೆ ಇರುತ್ತದೆ. ತೀವ್ರ ಆಸ್ತಮಾ ಇರುವವರನ್ನೇ ಬೇರೆಯಾಗಿ ನೋಡಿದರೆ ಅದು ಸುಮಾರು 15ಕ್ಕೆ ಏರುತ್ತದೆ. ಉಳಿದವರಿಗೆ ಆಸ್ಪಿರಿನ್‌ನಿಂದ ಉಸಿರಿನ ತೊಂದರೆ ಬರುವುದಿಲ್ಲ. ಕಷ್ಟ ಏನೆಂದರೆ ಆ ಏಳು ಜನರ ಹಣೆಯ ಮೇಲೆ ಬರೆದಿರುವುದಿಲ್ಲ.

ನಾನು ಆ ಏಳು ಜನರಲ್ಲಿ ಒಬ್ಬಳೋ ಅಲ್ಲವೋ ಹೇಗೆ ಗೊತ್ತಾಗುತ್ತೆ?

ಮೂಗನ್ನು ಕೇಳಿ. ಇದು ತಮಾಷೆಯ ಮಾತಲ್ಲ. ಈ ಕಾಯಿಲೆ ಶುರುವಾಗುವುದು ಹೆಚ್ಚಾಗಿ ಮೂವತ್ತರ ಆಸುಪಾಸಿನಲ್ಲಿ, ಅದೂ ಎದೆಯಿಂದಲ್ಲ, ಮೂಗಿನಿಂದ. ಒಂದು ನೆಗಡಿ ಬರುತ್ತದೆ, ಹೋಗುವುದೇ ಇಲ್ಲ. ತಿಂಗಳುಗಟ್ಟಲೆ ಮೂಗು ಕಟ್ಟಿರುತ್ತದೆ. ಆಮೇಲೆ ವಾಸನೆ ಹೋಗುತ್ತದೆ. ನಮ್ಮ ಗಿರಾಕಿಯೊಬ್ಬರು ಆಲೆಮನೆ ನಡೆಸುವವರು, ಪಾಂಡವಪುರದ ಕಡೆಯವರು. "ಕೊಪ್ಪರಿಗೇಲಿ ಬೆಲ್ಲ ಸೀದ್ರೂ ನಂಗೆ ಗೊತ್ತಾಗಕಿಲ್ಲ ಕಣಪ್ಪ, ಹೆಂಗಸ್ರು ಕೂಗಿ ಹೇಳ್ಬೇಕು" ಅಂದಿದ್ದರು ಒಮ್ಮೆ. ಆಗ ಅವರಿಗೂ ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ. ಮೂಗಿನೊಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಮೆತ್ತನೆಯ ಮಾಂಸ ಬೆಳೆದಿತ್ತು. ಜನ ದುರ್ಮಾಂಸ ಅನ್ನುತ್ತಾರೆ, ಡಾಕ್ಟರು ಪಾಲಿಪ್ ಅನ್ನುತ್ತಾರೆ. ಕ್ಯಾನ್ಸರ್ ಅಲ್ಲ, ಆದರೆ ಗಾಳಿಯ ದಾರಿ ಮುಚ್ಚುತ್ತದೆ.

ಮೂಗಿನ ನಂತರ ಒಂದೆರಡು ವರ್ಷದಲ್ಲಿ ಉಬ್ಬಸ ಬರುತ್ತದೆ. ನೋವಿನ ಮಾತ್ರೆಗೆ ಮೈ ತಿರುಗಿಬೀಳುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಗೆ. ಎಲ್ಲರಲ್ಲೂ ಇದೇ ಕ್ರಮ ಅಂತ ಇಲ್ಲ. ಆದರೆ ದೊಡ್ಡವರಾದ ಮೇಲೆ ಶುರುವಾದ ಆಸ್ತಮಾ, ಮೂಗಿನಲ್ಲಿ ಪಾಲಿಪ್, ವಾಸನೆ ಗೊತ್ತಾಗದಿರುವುದು ಈ ಮೂರೂ ಒಬ್ಬರಲ್ಲೇ ಇದ್ದರೆ, ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ಬಾಯಿಗೆ ಹಾಕಿಕೊಳ್ಳಬೇಡಿ.

ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ?

ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ. ಮೊದಲು ಮೂಗು ನೀರಾಗಿ ಸೋರುತ್ತದೆ ಅಥವಾ ಪೂರ್ತಿ ಕಟ್ಟುತ್ತದೆ, ಕಣ್ಣು ಕೆಂಪಾಗುತ್ತದೆ, ಮುಖ ಬಿಸಿಯೇರುತ್ತದೆ. ಹಿಂದೆಯೇ ಎದೆ ಬಿಗಿದು ಗುಂಯ್‌ಗುಡಲು ಶುರು. ಕೆಲವರಿಗೆ ಹೊಟ್ಟೆನೋವು, ಮೈಮೇಲೆ ಗಂಧೆಯೂ ಏಳುತ್ತದೆ. ಇಂಜೆಕ್ಷನ್ ಆದರೆ ಇದಕ್ಕಿಂತ ಬೇಗ.

ಆಸ್ಪಿರಿನ್ ಒಂದೇ ತಾನೆ? ನಾನು ಅದನ್ನು ತಗೊಳ್ಳೋದೇ ಇಲ್ಲ.

ಹೆಚ್ಚಿನವರು ಎಡವುವುದು ಇಲ್ಲೇ. ಕಾಕ್ಸ್ ತೂಬನ್ನು ಮುಚ್ಚುವ ಯಾವ ಮಾತ್ರೆಯಾದರೂ ಇದೇ ಕೆಲಸ ಮಾಡುತ್ತದೆ, ಹೆಸರು ಬೇರೆ ಅಷ್ಟೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಕೆಟೊರೊಲಾಕ್, ಇಂಡೊಮೆಥಾಸಿನ್, ಪೈರಾಕ್ಸಿಕಾಮ್, ಮೆಫೆನಾಮಿಕ್ ಆಮ್ಲ ಎಲ್ಲ ಒಂದೇ ಮನೆತನ.

ಅಂಗಡಿಯಲ್ಲಿ ಇವನ್ನು ಯಾರೂ ಈ ಹೆಸರಿನಿಂದ ಕೇಳುವುದಿಲ್ಲ. ಡಿಸ್ಪ್ರಿನ್ ಎಂದರೆ ಆಸ್ಪಿರಿನ್. ಎಕೋಸ್ಪ್ರಿನ್ ಎಂದರೂ ಆಸ್ಪಿರಿನ್. ಬ್ರೂಫೆನ್ ಐಬುಪ್ರೊಫೆನ್. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆ ಪ್ಯಾರಾಸಿಟಮಾಲ್ ಇದೆ. ವೊವೆರಾನ್ ಡೈಕ್ಲೋಫೆನಾಕ್. ಹೆಣ್ಣುಮಕ್ಕಳು ಮುಟ್ಟಿನ ಹೊಟ್ಟೆನೋವಿಗೆ ಕೇಳುವ ಮೆಫ್ಟಾಲ್ ಸ್ಪಾಸ್‌ನಲ್ಲಿ ಮೆಫೆನಾಮಿಕ್ ಆಮ್ಲವಿದೆ. ಹಲ್ಲು ಕೀಳಿಸಿಕೊಂಡವರಿಗೆ ಕೊಡುವ ಕೆಟೊರಾಲ್‌ನಲ್ಲಿ ಕೆಟೊರೊಲಾಕ್. ಜೆರೋಡಾಲ್ ಪಿ ತಗೊಳ್ಳುವ ಒಬ್ಬ ಮೇಷ್ಟ್ರು "ಅದು ಪಿ ಅಲ್ವಾ, ಪ್ಯಾರಾಸಿಟಮಾಲ್, ಏನೂ ಆಗಲ್ಲ" ಅಂತ ನನಗೇ ಪಾಠ ಹೇಳಿದ್ದರು. ಪಿ ಎಂದರೆ ಪ್ಯಾರಾಸಿಟಮಾಲೇ, ಸರಿ. ಆದರೆ ಪಿಯ ಹಿಂದೆ ನಿಂತಿರುವುದು ಅಸೆಕ್ಲೋಫೆನಾಕ್.

ಸ್ಟ್ರಿಪ್ ಹಿಂದೆ ದೊಡ್ಡ ಅಕ್ಷರದ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿನ ಮದ್ದಿನ ಹೆಸರು ಇರುತ್ತದೆ. ಕನ್ನಡಕ ಹಾಕಿಕೊಂಡು ಅದನ್ನು ಓದಿ, ಇಲ್ಲವೇ ಶಾಲೆಗೆ ಹೋಗುವ ಮೊಮ್ಮಗಳ ಕೈಲಿ ಓದಿಸಿ. ಹೆಸರು ಫೆನ್, ಫೆನಾಕ್, ಪ್ರೊಕ್ಸೆನ್, ರೊಲಾಕ್ ಎಂದು ಮುಗಿದರೆ ಅಲ್ಲೇ ನಿಲ್ಲಿ. ಪೊರೆ ಆಪರೇಷನ್ ಆದ ಮೇಲೆ ಹಾಕುವ ಕೆಲವು ಕಣ್ಣಿನ ಹನಿಗಳಲ್ಲೂ ಕೆಟೊರೊಲಾಕ್ ಅಥವಾ ನೆಪಾಫೆನಾಕ್ ಇರುತ್ತದೆ, ಕಣ್ಣಿನ ಡಾಕ್ಟರಿಗೂ ಹೇಳಿರಬೇಕು.

ನೀವೇ ಅಂಗಡಿಯವರು. ಕೊಡುವಾಗ ನೀವು ಕೇಳಬೇಕಲ್ಲವೇ?

ಕೇಳಬೇಕು. ಕೇಳದೇ ಕೊಟ್ಟಿದ್ದೇನೆ.

ಹನ್ನೊಂದು ವರ್ಷದ ಹಿಂದಿನ ಮಾತು. ಭತ್ತದ ಕೊಯ್ಲಿನ ಕಾಲ, ಸಂಜೆ ಅಂಗಡಿಯಲ್ಲಿ ಜನವೋ ಜನ. ನಲವತ್ತರ ಹೆಂಗಸೊಬ್ಬರು ಸೊಂಟನೋವಿಗೆ ಎರಡು ಮಾತ್ರೆ ಕೇಳಿದರು. ಡೈಕ್ಲೋಫೆನಾಕ್ ಸ್ಟ್ರಿಪ್ ತೆಗೆದು ಕತ್ತರಿಯಿಂದ ಎರಡು ಕತ್ತರಿಸಿ ಕಾಗದದ ಕವರಿಗೆ ಹಾಕಿದೆ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಔಷಧಿ ಅದು, ಸ್ಟ್ರಿಪ್ ಮೇಲೇ ಬರೆದಿರುತ್ತದೆ. ನಾವು ಎಷ್ಟು ಜನ ಅದನ್ನು ಪಾಲಿಸುತ್ತೇವೆ ಅನ್ನುವುದು ಊರಿಗೇ ಗೊತ್ತು. ಅವರ ಮೂಗು ಕಟ್ಟಿ ಮಾತು ಗೊಣಗೊಣ ಅನ್ನುತ್ತಿತ್ತು, ಅದು ನನ್ನ ಕಿವಿಗೆ ಬಿದ್ದಿತ್ತು ಕೂಡ. ಮರುದಿನ ಬೆಳಿಗ್ಗೆ ಅವರ ಮಗ ಬಂದು ಕವರು ತೋರಿಸಿದ. "ಅಣ್ಣಾ, ಅವ್ವನ್ನ ರಾತ್ರಿ ಆಸ್ಪತ್ರೆಗೆ ಹಾಕ್ದೋ, ಆಕ್ಸಿಜನ್ ಕೊಟ್ಟವ್ರೆ. ಯಾವ ಮಾತ್ರೆ ತಿಂದ್ರು ಅಂತ ಡಾಕ್ಟ್ರು ಕೇಳ್ತಾವ್ರೆ. ಇದ್ರಲ್ಲಿ ಹೆಸ್ರೇ ಇಲ್ವಲ್ಲ."

ಇರಲಿಲ್ಲ. ನನ್ನ ಕತ್ತರಿ ಹೆಸರಿನ ಮಧ್ಯೆಯೇ ಹೋಗಿತ್ತು. ಉಳಿದ ಮಾತ್ರೆಯ ಹಿಂದೆ ಬೆಲೆಯ ಅರ್ಧ ಅಂಕಿ, ಎರಡು ಇಂಗ್ಲಿಷ್ ಅಕ್ಷರ. ಆಕೆ ಉಳಿದರು, ಈಗಲೂ ಇದ್ದಾರೆ, ಬೇರೆ ಅಂಗಡಿಗೆ ಹೋಗುತ್ತಾರೆ. ಅಂದಿನಿಂದ ಬಿಡಿ ಮಾತ್ರೆ ಕೊಟ್ಟರೆ ಕವರಿನ ಮೇಲೆ ಒಳಗಿನ ಮದ್ದಿನ ಹೆಸರನ್ನು ಕನ್ನಡದಲ್ಲೇ ಬರೆದುಕೊಡುತ್ತೇನೆ. "ದಮ್ಮು, ಉಬ್ಬಸ ಏನಾದ್ರೂ ಉಂಟಾ? ಮೂಗಲ್ಲಿ ದುರ್ಮಾಂಸ?" ಅಂತ ಕೇಳುತ್ತೇನೆ. ಕೆಲವರು ಸಿಡುಕುತ್ತಾರೆ. "ಎರಡು ಮಾತ್ರೆಗೆ ಇಷ್ಟು ಪುರಾಣವಾ ಸ್ವಾಮಿ" ಅಂದವರೂ ಉಂಟು.

ಇಷ್ಟು ವರ್ಷ ತಿಂದಿದ್ದೀನಿ, ಏನೂ ಆಗಿರಲಿಲ್ಲ. ಈಗ ಹೇಗೆ ಬಂತು?

ಹುಟ್ಟಿನಿಂದ ಇರುವ ತೊಂದರೆ ಅಲ್ಲ ಇದು, ಮಧ್ಯೆ ಬರುವಂಥದ್ದು. ಇಪ್ಪತ್ತೈದರಲ್ಲಿ ಡಿಸ್ಪ್ರಿನ್ ನೀರಲ್ಲಿ ಕರಗಿಸಿ ಕುಡಿದು ಹೊಲಕ್ಕೆ ಹೋಗುತ್ತಿದ್ದವರಿಗೆ ನಲವತ್ತರಲ್ಲಿ ಅದೇ ಮಾತ್ರೆ ಉಸಿರು ಕಟ್ಟಿಸಬಹುದು.

ಮೊದಲ ದಿನ ಉಬ್ಬಸ ಬಂತು, ಮರುದಿನ ಅದೇ ಮಾತ್ರೆ ತಗೊಂಡೆ, ಏನೂ ಆಗಲಿಲ್ಲ. ಹಾಗಾದರೆ ಮಾತ್ರೆಯಿಂದ ಅಲ್ಲ ತಾನೆ?

ಮಾತ್ರೆಯಿಂದಲೇ ಇರಬಹುದು. ಈ ಕಾಯಿಲೆಯಲ್ಲಿ ನನಗೆ ಅತ್ಯಂತ ಸೋಜಿಗದ, ಅಷ್ಟೇ ಮೋಸದ ಭಾಗ ಇದು. ಒಮ್ಮೆ ಜೋರಾಗಿ ಕಾಣಿಸಿಕೊಂಡ ಮೇಲೆ ಎರಡು ಮೂರು ದಿನ ದೇಹ ಸುಮ್ಮನಾಗುತ್ತದೆ. ಆ ಹೊತ್ತಿನಲ್ಲಿ ಅದೇ ಮಾತ್ರೆ ನುಂಗಿದರೂ ಏನೂ ಆಗದಿರಬಹುದು. ಜನ "ಓ, ಅವತ್ತು ಧೂಳಿಗೆ ಬಂದಿದ್ದು" ಅಂತ ತೀರ್ಮಾನ ಮಾಡಿ ಉಳಿದ ಮಾತ್ರೆಯನ್ನು ಡಬ್ಬಿಗೆ ಹಾಕಿಟ್ಟುಕೊಳ್ಳುತ್ತಾರೆ. ಕೆಲವು ದಿನ ಕಳೆದರೆ ಹಳೇ ಸಿಟ್ಟು ಮರಳಿ ಬಂದಿರುತ್ತದೆ. ಮುಂದಿನ ತಿಂಗಳು ಡಬ್ಬಿಯಿಂದ ತೆಗೆದು ನುಂಗುತ್ತಾರೆ. ಹಾಗಾಗಿ ಅನುಮಾನ ಬಂದ ಮಾತ್ರೆಯನ್ನು ಮನೆಯಲ್ಲಿ "ಇನ್ನೊಂದ್ಸಲ ನೋಡೇಬಿಡೋಣ" ಅಂತ ಪರೀಕ್ಷೆ ಮಾಡಲೇಬೇಡಿ.

ಒಂದು ವಿಚಿತ್ರವೆಂದರೆ, ಇದೇ ಮೋಸದ ಗುಣವನ್ನು ಹಿಡಿದೇ ವೈದ್ಯರು ಒಂದು ಚಿಕಿತ್ಸೆಯನ್ನೂ ಕಟ್ಟಿದ್ದಾರೆ. ಮುಂದೆ ಹೇಳುತ್ತೇನೆ.

ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ಜನ ಇದನ್ನು ಅಲರ್ಜಿ ಅನ್ನುತ್ತಾರೆ, ನಾನೂ ಕೌಂಟರಿನಲ್ಲಿ ಹಾಗೇ ಅನ್ನುತ್ತೇನೆ, ಮಾತು ಬೇಗ ಮುಗಿಯುತ್ತದೆ. ಆದರೆ ಕಡಲೆಕಾಯಿಗೋ ಪೆನಿಸಿಲಿನ್‌ಗೋ ಆಗುವಂಥ ಅಲರ್ಜಿ ಇದಲ್ಲ. ಅಲ್ಲಿ ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ಸಿಗುತ್ತದೆ, ಚರ್ಮದ ಮೇಲೆ ಚುಚ್ಚಿ ನೋಡಿದರೆ ಗಂಧೆ ಏಳುತ್ತದೆ. ಇಲ್ಲಿ ಅಂಥ ಪ್ರತಿಕಾಯದ ಕೈವಾಡವಿಲ್ಲ, ತೂಬಿನ ಲೆಕ್ಕ ತಪ್ಪಿದ್ದಷ್ಟೇ. ರಾಸಾಯನಿಕ ರಚನೆಯಲ್ಲಿ ಒಂದಕ್ಕೊಂದು ಹೋಲದ ಮಾತ್ರೆಗಳೂ ಒಂದೇ ತೊಂದರೆ ಕೊಡುವುದು ಅದಕ್ಕೇ. ಇದನ್ನು 1975ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ಆಂಡ್ರೆಯ್ ಶ್ಚೆಕ್ಲಿಕ್ ಮತ್ತು ಜೊತೆಗಾರರು ಗುರುತಿಸಿದರು. ಯಾವ ಮಾತ್ರೆ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೋ ಅದೇ ಉಬ್ಬಸವನ್ನೂ ಎಬ್ಬಿಸುತ್ತದೆ, ತಡೆಯದ್ದು ಎಬ್ಬಿಸುವುದಿಲ್ಲ.

ಆಸ್ತಮಾ, ಪಾಲಿಪ್, ಆಸ್ಪಿರಿನ್ ಈ ಮೂರರ ನಂಟನ್ನು ಮೊದಲು ಬರೆದಿಟ್ಟವರು ಫ್ರಾನ್ಸಿನ ಫರ್ನಾಂಡ್ ವಿಡಾಲ್ ಮತ್ತು ಸಂಗಡಿಗರು, 1922ರಲ್ಲಿ. ಅದನ್ನು ಜಗತ್ತು ಹೆಚ್ಚುಕಡಿಮೆ ಮರೆತಿತ್ತು. 1968ರಲ್ಲಿ ಅಮೆರಿಕದ ಮ್ಯಾಕ್ಸ್ ಸ್ಯಾಮ್ಟರ್ ಮತ್ತು ರೋಲಂಡ್ ಬಿಯರ್ಸ್ ಮತ್ತೆ ಬರೆದರು, ಹೆಸರು ಸ್ಯಾಮ್ಟರ್‌ಗೆ ಹೋಯಿತು. ಡಾಕ್ಟರ ಚೀಟಿಯಲ್ಲಿ ಸ್ಯಾಮ್ಟರ್ಸ್ ಟ್ರಯಾಡ್ ಎಂದೋ, ಎಇಆರ್‌ಡಿ (ಆಸ್ಪಿರಿನ್‌ನಿಂದ ಕೆರಳುವ ಉಸಿರಾಟದ ಕಾಯಿಲೆ ಎಂಬುದರ ಇಂಗ್ಲಿಷ್ ಗಿಡ್ಡ ಹೆಸರು) ಎಂದೋ ಕಂಡರೆ ಇದೇ ಕಾಯಿಲೆ.

ಖಚಿತ ಮಾಡಿಕೊಳ್ಳಲು ಇರುವ ದಾರಿ ಒಂದೇ. ಆಸ್ಪತ್ರೆಯಲ್ಲಿ ಕೂರಿಸಿ, ಅತಿ ಸಣ್ಣ ಪ್ರಮಾಣದಿಂದ ಆಸ್ಪಿರಿನ್ ಕೊಡುತ್ತಾ, ಊದಿಸಿ ಉಸಿರಿನ ಬಲ ಅಳೆಯುತ್ತಾ ಹೋಗುವುದು. ಪಕ್ಕದಲ್ಲಿ ಆಕ್ಸಿಜನ್, ನೆಬ್ಯುಲೈಸರ್, ತರಬೇತಾದ ಸಿಬ್ಬಂದಿ ಇರಲೇಬೇಕು. ಎಲ್ಲರಿಗೂ ಇದು ಬೇಕಿಲ್ಲ. ಎರಡು ಬೇರೆ ಬೇರೆ ನೋವಿನ ಮಾತ್ರೆಗೆ ಎರಡು ಸಲ ಉಬ್ಬಸ ಎದ್ದ ಚರಿತ್ರೆ ಇದ್ದರೆ, ಮೂಗಿನಲ್ಲಿ ಪಾಲಿಪ್ ಇದ್ದರೆ, ವೈದ್ಯರಿಗೆ ಹೆಚ್ಚಾಗಿ ಅಷ್ಟೇ ಸಾಕಾಗುತ್ತದೆ.

ಎಲ್ಲಿ ತೋರಿಸಬೇಕು?

ಶ್ವಾಸಕೋಶದ ಡಾಕ್ಟರಿಗೆ ಮತ್ತು ಕಿವಿ-ಮೂಗು-ಗಂಟಲು ಡಾಕ್ಟರಿಗೆ, ಇಬ್ಬರಿಗೂ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್ ಇದೆ. ಮೈಸೂರಿಗೆ ಹೋಗುವುದಾದರೆ ಕೆ.ಆರ್. ಆಸ್ಪತ್ರೆ, ಕೆಆರ್‌ಎಸ್ ರಸ್ತೆಯ ಪಿಕೆಟಿಬಿ, ಜೆಎಸ್ಎಸ್ ಇವೆ. ಪಿಕೆಟಿಬಿ ಎಂದರೆ ಕ್ಷಯದ ಆಸ್ಪತ್ರೆ ಅಂತ ಹಳಬರು ಒಳಗೆ ಕಾಲಿಡಲು ಹಿಂಜರಿಯುತ್ತಾರೆ. ಅದು ಎದೆರೋಗಗಳ ಆಸ್ಪತ್ರೆಯೂ ಹೌದು. ಹಳೆಯ ಚೀಟಿಗಳನ್ನೂ ತಿಂದ ಮಾತ್ರೆಯ ಸ್ಟ್ರಿಪ್ಪುಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.

ಹಾಗಾದರೆ ಜ್ವರ, ನೋವಿಗೆ ಏನು ತಗೊಳ್ಳೋದು?

ಪ್ಯಾರಾಸಿಟಮಾಲ್. 500 ಮಿಲಿಗ್ರಾಂ ಒಂದು ಸಲಕ್ಕೆ ಈ ಕಾಯಿಲೆಯ ಬಹುತೇಕ ಎಲ್ಲರಿಗೂ ಒಗ್ಗುತ್ತದೆ. ಅದು ಕಾಕ್ಸ್ ತೂಬನ್ನು ಮುಚ್ಚುವುದು ಬಹಳ ಸಡಿಲವಾಗಿ. ಆದರೆ ಒಂದೇ ಸಲಕ್ಕೆ 1000 ಮಿಲಿಗ್ರಾಂ ಮತ್ತು ಅದಕ್ಕಿಂತ ಹೆಚ್ಚು ತೆಗೆದುಕೊಂಡಾಗ ಕೆಲವರಿಗೆ ಸಣ್ಣದಾಗಿ ಎದೆ ಬಿಗಿಯುವುದುಂಟು. ನಮ್ಮಲ್ಲಿ ಡೋಲೋ 650 ಎರಡೆರಡು ಒಟ್ಟಿಗೆ ನುಂಗುವ ಅಭ್ಯಾಸ ಹಬ್ಬಿದೆ. ಲೆಕ್ಕ ಮಾಡಿ, ಅದು 1300 ಆಯಿತು. ಲಿವರಿಗೂ ಒಳ್ಳೆಯದಲ್ಲ.

ಅದಕ್ಕಿಂತ ಜೋರು ನೋವಿಗೆ ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್ ಎಂಬ ಮಾತ್ರೆಗಳಿವೆ. ಇವು ಮುಚ್ಚುವುದು ಕಾಕ್ಸ್‌ನ ಎರಡನೇ ಬಗೆಯನ್ನು, ಉಬ್ಬಸಕ್ಕೆ ಕಾರಣವಾಗುವ ಮೊದಲ ಬಗೆಯನ್ನಲ್ಲ. ಹೆಚ್ಚಿನವರಿಗೆ ಒಗ್ಗುತ್ತವೆ. ಆದರೂ ಮೊದಲ ಮಾತ್ರೆಯನ್ನು ವೈದ್ಯರ ಕಣ್ಣೆದುರು ತೆಗೆದುಕೊಳ್ಳುವುದು ಕ್ರಮ. ಹೃದಯ, ಬಿಪಿ ತೊಂದರೆ ಇರುವವರಿಗೆ ಇವುಗಳಲ್ಲಿ ಬೇರೆ ಅಪಾಯಗಳೂ ಇವೆ. ಮುಟ್ಟಿನ ನೋವಿಗೆ ಬಿಸಿನೀರಿನ ಬ್ಯಾಗು, ಪ್ಯಾರಾಸಿಟಮಾಲ್ ಸಾಲದಿದ್ದರೆ ಲೇಡಿ ಡಾಕ್ಟರಿಗೆ ಉಬ್ಬಸದ ವಿಷಯ ಹೇಳಿಯೇ ಬರೆಸಿಕೊಳ್ಳಿ.

ಊರಲ್ಲಿ ಜ್ವರಕ್ಕೆ ಸೂಜಿ ಹಾಕಿಸಿಕೊಂಡರೆ ಬೇಗ ಬಿಡುತ್ತದೆ. ಪರವಾಗಿಲ್ಲವಾ?

ಆ ಸೂಜಿಯಲ್ಲಿ ಏನಿತ್ತು ಅಂತ ಯಾವತ್ತಾದರೂ ಕೇಳಿದ್ದೀರಾ? ಡೈಕ್ಲೋಫೆನಾಕ್ ಇಂಜೆಕ್ಷನ್ ಹಳ್ಳಿ ಕ್ಲಿನಿಕ್ಕುಗಳಲ್ಲಿ ತೀರಾ ಸಾಮಾನ್ಯ. ಮಾತ್ರೆಯಾದರೆ ಅರ್ಧ ಗಂಟೆಯಾದರೂ ಸಮಯ ಕೊಡುತ್ತದೆ, ಸೂಜಿ ಕೊಡುವುದಿಲ್ಲ. "ಸಾರ್, ನಂಗೆ ಉಬ್ಬಸ ಐತೆ, ನೋವಿನ ಇಂಜೆಕ್ಷನ್ ಬ್ಯಾಡ" ಅನ್ನುವ ಒಂದು ಮಾತನ್ನು ತೋಳು ಮಡಚುವ ಮೊದಲೇ ಹೇಳಿಬಿಡಿ.

ಇನ್ನೊಂದು ಮಾತು. ಮಳೆಗಾಲದ ಜ್ವರ ಡೆಂಗಿ ಇರಬಹುದು. ಡೆಂಗಿಯಲ್ಲಿ ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಹಾಗಾಗಿ ಉಬ್ಬಸ ಇಲ್ಲದವರೂ ಜ್ವರ ಯಾವುದೆಂದು ತಿಳಿಯುವ ತನಕ ಪ್ಯಾರಾಸಿಟಮಾಲ್‌ನಲ್ಲೇ ಇರುವುದು ಒಳಿತು. 2006ರಲ್ಲಿ ಚಿಕೂನ್‌ಗುನ್ಯಾ ಕರ್ನಾಟಕದಲ್ಲೆಲ್ಲ ಹಬ್ಬಿದಾಗ ಕೀಲುನೋವಿಗೆ ಜನ ಡೈಕ್ಲೋಫೆನಾಕನ್ನು ಕಡಲೆಪುರಿಯ ಹಾಗೆ ತಿಂದರು. ಆ ಚಟ ಇನ್ನೂ ಬಿಟ್ಟಿಲ್ಲ.

ನಮ್ಮ ಯಜಮಾನರಿಗೆ ಸ್ಟೆಂಟ್ ಹಾಕಿದ್ದಾರೆ, ದಿನಾ ಎಕೋಸ್ಪ್ರಿನ್ 75. ಅವರಿಗೆ ಉಬ್ಬಸವೂ ಇದೆ. ನಿಲ್ಲಿಸಿಬಿಡಲಾ?

ನಿಲ್ಲಿಸಬೇಡಿ. ದಿನಾ ತೆಗೆದುಕೊಂಡೂ ಉಸಿರಿಗೆ ಏನೂ ಆಗಿಲ್ಲ ಎಂದರೆ ಅವರು ಆ ಏಳು ಜನರಲ್ಲಿ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಸ್ಟೆಂಟ್ ಹಾಕಿದವರು ಆಸ್ಪಿರಿನ್ ಅನ್ನು ತಾವಾಗಿಯೇ ಬಿಟ್ಟರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಏನೇ ಅನುಮಾನ ಇದ್ದರೂ ಹೃದಯದ ಡಾಕ್ಟರಿಗೆ ಅದೇ ದಿನ ತಿಳಿಸಿ.

ಹೊಸದಾಗಿ ಶುರು ಮಾಡುವಾಗಿನ ಪ್ರಶ್ನೆ ಬೇರೆ. "75 ಸಣ್ಣ ಡೋಸು, ಏನಾಗುತ್ತೆ" ಅಂತ ತಳ್ಳಿಹಾಕುವಂತಿಲ್ಲ. ಆಸ್ಪತ್ರೆಯ ಪರೀಕ್ಷೆಗಳಲ್ಲಿ ಈ ಕಾಯಿಲೆಯವರಿಗೆ ಉಬ್ಬಸ ಏಳುವುದು ಹೆಚ್ಚಾಗಿ 45ರಿಂದ 100 ಮಿಲಿಗ್ರಾಂ ನಡುವೆಯೇ. ಮೂಗು-ಉಬ್ಬಸದ ಚರಿತ್ರೆ ಇದ್ದರೆ ಮೊದಲೇ ಹೇಳಬೇಕು. ಕ್ಲೊಪಿಡೊಗ್ರೆಲ್‌ನಂಥ ಬೇರೆ ದಾರಿಯಿಂದ ರಕ್ತ ತೆಳುವಾಗಿಸುವ ಮಾತ್ರೆಗಳಿವೆ. ಆಸ್ಪಿರಿನ್ನೇ ಬೇಕೆಂದರೆ ಮೈಗೆ ಒಗ್ಗಿಸುವ ಚಿಕಿತ್ಸೆ ಇದೆ.

ಒಗ್ಗಿಸುವುದು ಎಂದರೆ? ವಿಷವನ್ನೇ ಮದ್ದು ಮಾಡಿದ ಹಾಗಾಯಿತಲ್ಲ!

ಹೆಚ್ಚುಕಡಿಮೆ ಹಾಗೇ. ಜೋರಾಗಿ ಕಾಣಿಸಿಕೊಂಡ ಮೇಲೆ ಎರಡು ಮೂರು ದಿನ ದೇಹ ಸುಮ್ಮನಿರುತ್ತದೆ ಎಂದೆನಲ್ಲ, ಆ ಮೌನವನ್ನು ಮುರಿಯಲು ಬಿಡದೆ ಮುಂದುವರಿಸುವುದೇ ಈ ಉಪಾಯ. ಆಸ್ಪತ್ರೆಯಲ್ಲಿ ಒಂದರಿಂದ ಮೂರು ದಿನ ಇಟ್ಟುಕೊಂಡು ಸಣ್ಣ ಪ್ರಮಾಣದಿಂದ ಏರಿಸುತ್ತಾ ಹೋಗುತ್ತಾರೆ. ನಡುವೆ ಒಮ್ಮೆ ಉಬ್ಬಸ ಏಳುತ್ತದೆ, ಅದನ್ನು ಅಲ್ಲೇ ಶಮನ ಮಾಡಿ ಮುಂದಿನ ಮೆಟ್ಟಿಲು ಹತ್ತಿಸುತ್ತಾರೆ. 325 ಮಿಲಿಗ್ರಾಂ ತಲುಪಿದ ಮೇಲೆ ದಿನಾ ತಪ್ಪದೆ ಆಸ್ಪಿರಿನ್ ತೆಗೆದುಕೊಳ್ಳುತ್ತಾ ಇರಬೇಕು. ಮೂಗು-ಉಬ್ಬಸದ ಚಿಕಿತ್ಸೆಗಾದರೆ ದಿನಕ್ಕೆ 650ರಿಂದ 1300 ಮಿಲಿಗ್ರಾಂವರೆಗೆ ಹೋಗುತ್ತದೆ. ಅನೇಕರಿಗೆ ಪಾಲಿಪ್ ಮತ್ತೆ ಬೆಳೆಯುವುದು ನಿಧಾನವಾಗುತ್ತದೆ, ವಾಸನೆ ಮರಳುತ್ತದೆ.

ತೊಡಕೂ ಇದೆ. ಹೊಟ್ಟೆಹುಣ್ಣು, ರಕ್ತಸ್ರಾವದ ಅಪಾಯ ಸಣ್ಣದಲ್ಲ. ಜಾತ್ರೆಗೋ ಮದುವೆಗೋ ಹೋಗಿ ನಾಲ್ಕೈದು ದಿನ ಮಾತ್ರೆ ಮರೆತರೆ ಒಗ್ಗಿದ್ದೆಲ್ಲ ಕರಗಿ ಮೊದಲಿನಿಂದ ಶುರು ಮಾಡಬೇಕು. ಮರೆತವರು ಮನೆಯಲ್ಲಿ "ನಿನ್ನೆದೂ ಸೇರಿಸಿ" ನುಂಗಿದರೆ ಅನಾಹುತ. ಮಾತ್ರೆ ನುಂಗುವುದರಲ್ಲಿ ಶಿಸ್ತಿಲ್ಲದವರಿಗೆ ಈ ದಾರಿ ಬೇಡ ಎನ್ನುವುದು ನನ್ನ ಅಭಿಪ್ರಾಯ.

ದುರ್ಮಾಂಸ ತೆಗೆಸಿಬಿಟ್ಟರೆ ಎಲ್ಲ ಸರಿಹೋಗುತ್ತಾ?

ಉಸಿರು ಸಲೀಸಾಗುತ್ತದೆ, ಆಸ್ತಮಾದ ಕಾಟವೂ ಕಡಿಮೆಯಾಗಬಹುದು. ಆದರೆ ಈ ಕಾಯಿಲೆಯಲ್ಲಿ ಪಾಲಿಪ್ ಮತ್ತೆ ಬೆಳೆಯುವ ಸಂಭವ ಬೇರೆಯವರಿಗಿಂತ ಹೆಚ್ಚು. ಮೇಲೆ ಹೇಳಿದ ಆಲೆಮನೆಯವರಿಗೆ ಎರಡು ಸಲ ಆಪರೇಷನ್ ಆಗಿದೆ. ಆಪರೇಷನ್ ಆದ ಮೇಲೂ ಮೂಗಿನ ಸ್ಟಿರಾಯ್ಡ್ ಸ್ಪ್ರೇ, ಇನ್‌ಹೇಲರ್ ಬಿಡುವಂತಿಲ್ಲ. ನೋವಿನ ಮಾತ್ರೆಯ ನಿಷೇಧವೂ ಹೋಗುವುದಿಲ್ಲ. ಡುಪಿಲುಮಾಬ್‌ನಂಥ ಹೊಸ ಇಂಜೆಕ್ಷನ್‌ಗಳು ಪಾಲಿಪ್, ಆಸ್ತಮಾ ಎರಡಕ್ಕೂ ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಬೆಲೆ ಕೇಳಿದರೆ ರೈತನಿಗೆ ಬೇರೆ ಉಬ್ಬಸ ಏಳುತ್ತದೆ.

ಮಾಂಟೆಲುಕಾಸ್ಟ್ ಮಾತ್ರೆ ಬರೆದಿದ್ದಾರೆ. ಅದು ಇದಕ್ಕೇನಾ?

ಲ್ಯೂಕೋಟ್ರಯೀನ್ ಶ್ವಾಸನಾಳಕ್ಕೆ ಅಂಟುವುದನ್ನು ತಡೆಯುವ ಮಾತ್ರೆ ಅದು. ಉಪಯೋಗವಿದೆ. ಆದರೆ ಅದು ಹೊಟ್ಟೆಯಲ್ಲಿದೆ ಎಂಬ ಧೈರ್ಯದಿಂದ ಬ್ರೂಫೆನ್ ನುಂಗುವಂತಿಲ್ಲ. ಅದನ್ನು ಶುರು ಮಾಡಿದ ಮೇಲೆ ನಿದ್ದೆಗೆಡುವುದು, ಕೆಟ್ಟ ಕನಸು, ಮನಸ್ಸು ಕುಗ್ಗುವುದು ಕಂಡರೆ ಡಾಕ್ಟರಿಗೆ ಹೇಳಿ.

ಊಟದಲ್ಲಿ ಪಥ್ಯ ಇದೆಯಾ? ಹುಳಿ, ಟೊಮೆಟೊ, ಮಸಾಲೆಯಲ್ಲೂ ಆಸ್ಪಿರಿನ್ ಥರದ್ದು ಇರುತ್ತಂತೆ.

ಹಣ್ಣು, ತರಕಾರಿ, ಮಸಾಲೆಗಳಲ್ಲಿ ಸ್ಯಾಲಿಸಿಲೇಟ್ ಇರುತ್ತದೆ, ನಿಜ. ಆದರೆ ಆಸ್ಪಿರಿನ್ ಎಂದರೆ ಅಸಿಟೈಲ್ ಸೇರಿಸಿದ ಸ್ಯಾಲಿಸಿಲಿಕ್ ಆಮ್ಲ. ಕಾಕ್ಸ್ ತೂಬಿಗೆ ಬೀಗ ಹಾಕುವುದು ಆ ಅಸಿಟೈಲ್ ಭಾಗವೇ. ತರಕಾರಿಯಲ್ಲಿ ಅದಿಲ್ಲ. ಬಸ್ಸಾರು ಮುದ್ದೆ ಬಿಡಬೇಕಾಗಿಲ್ಲ. ಕುಡಿತದ ಮಾತು ಬೇರೆ. ಈ ಕಾಯಿಲೆಯವರಲ್ಲಿ ಹೆಚ್ಚಿನವರಿಗೆ ಬಿಯರು, ವೈನು, ಬ್ರಾಂದಿ ಒಂದೆರಡು ಗುಟುಕಿಗೇ ಮೂಗು ಕಟ್ಟುತ್ತದೆ, ಎದೆ ಬಿಗಿಯುತ್ತದೆ. "ಒಳ್ಳೇದೇ ಆಯ್ತು ಬುಡು" ಅಂದ ಹೆಂಡತಿಯರನ್ನು ನೋಡಿದ್ದೇನೆ.

ಮುಲಾಮು ಹಚ್ಚಬಹುದಾ?

ಒಂದು ಮಂಡಿಗೆ ಸ್ವಲ್ಪ ಹಚ್ಚಿದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಆದರೂ ತೊಂದರೆ ಖಚಿತವಾಗಿ ಇರುವವರು ಡೈಕ್ಲೋಫೆನಾಕ್ ಜೆಲ್ಲನ್ನು ಡಾಕ್ಟರನ್ನು ಕೇಳಿಯೇ ಹಚ್ಚಿ.

ನಾಟಿ ಔಷಧಿಯಲ್ಲಿ ಈ ತೊಂದರೆ ಇಲ್ಲ ತಾನೆ?

ಹೆಸರು ಗೊತ್ತಿರುವ ಕಷಾಯದ ಬಗ್ಗೆ ನನ್ನ ತಕರಾರಿಲ್ಲ. ಪೊಟ್ಟಣದಲ್ಲಿ ಕಟ್ಟಿಕೊಡುವ, "ಒಂದೇ ದಿನಕ್ಕೆ ಮಂಡಿನೋವು ಮಾಯ" ಎನ್ನುವ ಹೆಸರಿಲ್ಲದ ಪುಡಿಗಳ ಬಗ್ಗೆ ಇದೆ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್, ಡೈಕ್ಲೋಫೆನಾಕ್ ಬೆರೆಸಿದ ಉದಾಹರಣೆಗಳು ದೇಶದಲ್ಲಿ ಬೇಕಾದಷ್ಟಿವೆ.

ಮಕ್ಕಳಿಗೆ?

ಮಕ್ಕಳಲ್ಲಿ ಈ ಕಾಯಿಲೆ ಅಪರೂಪ. ಆದರೂ ಆಸ್ತಮಾ ಇರುವ ಮಗುವಿನ ಜ್ವರಕ್ಕೆ ಸಿರಪ್ ಕೊಳ್ಳುವಾಗ ಒಳಗೆ ಐಬುಪ್ರೊಫೆನ್ ಅಥವಾ ಮೆಫೆನಾಮಿಕ್ ಆಮ್ಲ ಇದೆಯೇ ನೋಡಿ, ಡಾಕ್ಟರನ್ನು ಕೇಳಿ. ಆಸ್ಪಿರಿನ್ ಅಂತೂ ಮಕ್ಕಳಿಗೆ ವೈದ್ಯರು ಹೇಳದೆ ಕೊಡಲೇಬಾರದು. ರೈಸ್ ಸಿಂಡ್ರೋಮ್ ಎಂಬ, ಮಿದುಳು ಮತ್ತು ಲಿವರಿಗೆ ಬೀಳುವ ಬೇರೊಂದು ಅಪಾಯ ಅದರಲ್ಲಿದೆ.

ಮಾತ್ರೆ ನುಂಗಿಯಾಗಿದೆ, ಉಸಿರು ಕಟ್ಟುತ್ತಿದೆ. ಈಗ ಏನು ಮಾಡೋದು?

ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ನೀಲಿ ಇನ್‌ಹೇಲರ್ ಇದ್ದರೆ, ಅಂದರೆ ಸಾಲ್ಬುಟಮಾಲ್, ಸ್ಪೇಸರ್ (ಇನ್‌ಹೇಲರಿನ ಬಾಯಿಗೆ ಸೇರಿಸುವ ಪ್ಲಾಸ್ಟಿಕ್ ಕೊಳವೆ) ಹಚ್ಚಿ ಒಂದು ಪಫ್ ಎಳೆಸಿ. ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು ಇನ್ನೊಂದು. ಹೀಗೆ ಹತ್ತು ಪಫ್‌ವರೆಗೆ ಕೊಡಬಹುದು. ಕೊಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ ಅಥವಾ ಗಾಡಿ ತೆಗೆಯಲಿ. ಸ್ವಲ್ಪ ತಗ್ಗಿತು ಅಂತ ಮನೆಯಲ್ಲೇ ಉಳಿಯಬೇಡಿ, ಮಾತ್ರೆ ಇನ್ನೂ ಕೆಲವು ಗಂಟೆ ಒಳಗೇ ಕೆಲಸ ಮಾಡುತ್ತಿರುತ್ತದೆ. ಮಾತು ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ತೂಕಡಿಸಿದರೆ, ನಾಲಿಗೆ ಅಥವಾ ಗಂಟಲು ಊದಿದರೆ ಒಂದು ಕ್ಷಣವೂ ಕಾಯುವಂತಿಲ್ಲ. ನುಂಗಿದ ಮಾತ್ರೆಯ ಸ್ಟ್ರಿಪ್ಪನ್ನು ಜೇಬಿಗೆ ಹಾಕಿಕೊಂಡೇ ಹೊರಡಿ. ಬೆರಳು ಹಾಕಿ ವಾಂತಿ ಮಾಡಿಸುವುದು, ಉಸಿರು ಕಟ್ಟಿದವರ ಬಾಯಿಗೆ ನೀರು ಹೊಯ್ಯುವುದು ಬೇಡ.

ಯಾವ ಮಾತ್ರೆ ಆಗಲ್ಲ ಅಂತ ಒಂದು ಚೀಟಿ ಬರೆದು ಜೊತೆಗಿಟ್ಟುಕೊಳ್ಳೋದಾದರೆ, ಅದರಲ್ಲಿ ಏನು ಬರೆಯೋದು?

ಎಟಿಎಂ ಕಾರ್ಡಿನಷ್ಟು ದಪ್ಪ ಕಾಗದ ಸಾಕು. ಮೊಬೈಲ್ ಕವರಿನ ಹಿಂದೆ ಇಡಿ, ಪರ್ಸ್ ಮನೆಯಲ್ಲಿ ಮರೆಯುತ್ತೀರಿ. ಆಲೆಮನೆಯವರಿಗೆ ನಾನು ಬರೆದುಕೊಟ್ಟಿದ್ದು ಇಷ್ಟು:

"ನನಗೆ ಉಬ್ಬಸ ಮತ್ತು ಮೂಗಿನಲ್ಲಿ ಪಾಲಿಪ್ ಇದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಕೆಟೊರೊಲಾಕ್, ಮೆಫೆನಾಮಿಕ್ ಆಮ್ಲ ಯಾವುದನ್ನೂ ಮಾತ್ರೆಯಾಗಲಿ ಇಂಜೆಕ್ಷನ್ ಆಗಲಿ ಕೊಡಬೇಡಿ. ಪ್ಯಾರಾಸಿಟಮಾಲ್ 500 ಒಗ್ಗುತ್ತದೆ. ಇನ್‌ಹೇಲರ್ ಎಡಗಡೆ ಜೇಬಿನಲ್ಲಿದೆ."

ಕೆಳಗೆ ಮಗನ ಫೋನ್ ನಂಬರು. ಅವರು ಅದನ್ನು ಓದಿ, "ಎಡಗಡೆ ಜೇಬಲ್ಲಿ ಬೀಡಿ ಇರ್ತದೆ ಕಣಪ್ಪ, ಬಲಗಡೆ ಅಂತ ಬರಿ" ಅಂದರು. ಬೀಡಿಯ ಬಗ್ಗೆ ಅವತ್ತು ಅರ್ಧ ಗಂಟೆ ಜಗಳವಾಡಿದೆವು.